ಆರರ ಮೇಲೊಂದು

ಗಫಾರ್ ಸಾಹೇಬರು ‘ಏಳು’ ಎಂಬ ಮಾತನ್ನು ಆಡುತ್ತಿರಲಿಲ್ಲ. ಸಂಖ್ಯೆಯಾಗಿಯೂ ಆಡುತ್ತಿರಲಿಲ್ಲ, ಎದ್ದೇಳು ಎಂಬ ಅರ್ಥದಲ್ಲಿಯೂ ಆಡುತ್ತಿರಲಿಲ್ಲ. ಮಧ್ಯಾಹ್ನ ಜಗಲಿಯ ಮೇಲೆ ನಿದ್ದೆಹೋದ ಆಳನ್ನು ಎಬ್ಬಿಸಬೇಕಾದರೆ ‘ನಿದ್ದೆ ಸಾಕು ಕಣಯ್ಯ’ ಎನ್ನುತ್ತಿದ್ದರು. ಸಂತೆಯಲ್ಲಿ ನಿಂಬೆಹಣ್ಣು ಕೊಂಡರೆ ಆರು ಕೊಳ್ಳುತ್ತಿದ್ದರು, ಇಲ್ಲವೆ ಎಂಟು. ಅವರನ್ನು ಸಿಕ್ಕಿಸಬೇಕೆಂದೇ ನಾನೊಮ್ಮೆ ವಾರಕ್ಕೆ ಎಷ್ಟು ದಿನ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ‘ಶುಕ್ರವಾರದಿಂದ ಶುಕ್ರವಾರಕ್ಕೆ ಎಷ್ಟಾಗ್ತದೋ ಅಷ್ಟು ಮಾಸ್ತರೇ’ ಎಂದರು.

ನಾನಾಗ ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಎಂ.ಎ. ಮಾಡಿಕೊಂಡು, ಎಲ್ಲಿಯೂ ಕೆಲಸ ಸಿಗದೆ ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿದ್ದೆ. ನಾಳೆಯೇ ಬಿಟ್ಟು ಹೋಗುವವನಂತೆ ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟುಕೊಂಡಿದ್ದೆ. ದೇವರು, ಶಕುನ, ಜಾತಕ ಯಾವುದನ್ನೂ ನಂಬುತ್ತಿರಲಿಲ್ಲ. ನೀರಾವರಿ ಕಚೇರಿಯ ಸಹಾಯಕ ಎಂಜಿನಿಯರಾದ ಸಾಹೇಬರು ಒಂದು ಸಂಖ್ಯೆಗೆ ಹೆದರುತ್ತಾರೆಂಬುದು ನನಗೆ ತಮಾಷೆಯಾಗಿ ಕಂಡಿತು. ಈಗ ಬರೆಯುವಾಗ ನಂಬಿಕೆಯಿಲ್ಲದಿರುವುದು ನನ್ನ ನೆನಪಿನ ಮೇಲೆಯೇ. ಅವರ ಟೋಪಿ ಕೆಂಪಗಿತ್ತು ಎಂದು ನನ್ನ ಕಣ್ಣಿಗೆ ಕಟ್ಟಿದೆ; ಅವರನ್ನು ಬಲ್ಲ ಇನ್ನೊಬ್ಬರು ಕಪ್ಪು ಎನ್ನುತ್ತಾರೆ. ಟೋಪಿಯ ಬಣ್ಣವೇ ಖಚಿತವಿಲ್ಲದವನು ಮಾತುಗಳನ್ನು ಖಚಿತವಾಗಿ ಹೇಳಬಹುದೇ? ಆದರೆ ಅವರ ಕತೆಯಿರುವುದು ಮಾತುಗಳಲ್ಲೇ.

ಎತ್ತರದ ಆಳು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ಕಂಕುಳಲ್ಲಿ ಯಾವಾಗಲೂ ಸುರುಳಿ ಸುತ್ತಿದ ಒಂದು ಪುಸ್ತಕ. ಎಂಜಿನಿಯರುಗಳ ಸಂಘದ ನಡಾವಳಿ ಅದು. ಅವರು ಆ ಸಂಘದ ಸದಸ್ಯರು. ಹುಣಸೂರಿನ ಹೊಳೆದಂಡೆಯ ಕೇರಿಯಲ್ಲಿ ತೊಗಲು ಹದ ಮಾಡುವವರ ಮನೆಯಲ್ಲಿ ಹುಟ್ಟಿ, ಓದಿ, ಎಂಜಿನಿಯರಾಗಿ, ಬೆಂಗಳೂರಿನ ಸಭೆಯಲ್ಲಿ ಕೈಯೆತ್ತಿ ಮತ ಹಾಕುವ ಮಟ್ಟಕ್ಕೆ ಏರಿದ್ದರು. ನಮಾಜು ತಪ್ಪಿದರೂ ಸಂಘದ ವಾರ್ಷಿಕ ಸಭೆ ತಪ್ಪಿಸುವವರಲ್ಲ ಎಂದು ಕೇರಿಯವರು ಆಡಿಕೊಳ್ಳುತ್ತಿದ್ದರು.

‘ಮಾಸ್ತರೇ, ಬರ್ಮಿಂಗ್‌ಹ್ಯಾಮಿನ ಬೋಲ್ಟಿಗೆ ಪಿರಿಯಾಪಟ್ಟಣದ ಅಂಗಡಿ ನಟ್ಟು ಕೂರ್ತದಲ್ಲ, ಯಾಕೆ ಕೂರ್ತದೆ ಹೇಳಿ?’

‘ಅಳತೆ ಒಂದೇ ಇರುವುದರಿಂದ.’

‘ಅಳತೆ ಒಂದೇ ಯಾಕಾಯ್ತು? ಅಲ್ಲಾನೇ ಮೇಲಿಂದ ಕಳಿಸಿದ್ನಾ? ಎಲ್ಲೋ ಒಂದು ಕೋಣೇಲಿ ಹತ್ತು ಜನ ಎಂಜಿನಿಯರುಗಳು ಕೂತು, ಚಾ ಕುಡಿದು, ಒಬ್ಬರ ಮೇಲೊಬ್ಬರು ಕಣ್ಣು ಕೆಂಪು ಮಾಡಿ, ಕೊನೆಗೆ ಯಾರೋ ಸೋತಿರ್ತಾರೆ. ಆ ಸೋತವನ ಪುಣ್ಯ ಕಣ್ರೀ, ನಟ್ಟು ಕೂರೋದು.’

ತಂತಿಯ ದಪ್ಪ, ದೂರವಾಣಿಯ ಕಂಬದ ಎತ್ತರ, ಅದರ ಗಂಟೆ ಎಷ್ಟು ಸಲ ಹೊಡೆದರೆ ಹೊಳೆಯ ಯಾವ ಕಾವಲು ಚೌಕಿಯದು ಎಂಬ ಲೆಕ್ಕ ಎಲ್ಲವೂ ಇಂಥ ಜಗಳಗಳಿಂದ ಬಂದವು ಎಂದು ವಿವರಿಸುತ್ತಿದ್ದರು. ಇನ್ನೊಂದು ಮಾತನ್ನೂ ಆಗಾಗ ಆಡುತ್ತಿದ್ದರು: ‘ಒಬ್ಬ ಹೇಳಿದ್ದು ಬರೀ ಮಾತು. ಇಬ್ಬರಿಗೂ ಒಂದೇ ಕೇಳಿದ್ದು ಅಳತೆ.’

ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ಅವರ ತಂಗಿ ಜೈನಾಬಿಯಿಂದ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಮೋಟುಗೋಡೆ. ಆಕೆ ನನ್ನೆದುರಿಗೆ ಬಂದವರಲ್ಲ. ಪರದೆಯ ಹಿಂದಿನಿಂದ ಚಾ ಲೋಟ ಸರಿಸಿ ಒಂದೆರಡು ಮಾತನಾಡುತ್ತಿದ್ದರು. ಅವರ ಮುಖವನ್ನು ನಾನು ಎಂದೂ ನೋಡಲಿಲ್ಲ. ದನಿ ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಸಾಹೇಬರಿನ್ನೂ ಕಚೇರಿಯಿಂದ ಬಂದಿರದ ಒಂದು ಸಂಜೆ, ನಾನು ಏನೋ ನಗೆಯಾಡುತ್ತಾ ಅವರಣ್ಣನ ಸಂಖ್ಯೆಯ ಭಯದ ಮಾತೆತ್ತಿದೆ.

‘ನನ್ನ ಯಜಮಾನರಿಗೆ ಈಜು ಬರ್ತಿತ್ತು ಮಾಸ್ತರೇ’ ಎಂದರು ಜೈನಾಬಿ. ‘ತೊಗಲು ತೊಳೆದು, ಉಂಡು, ಹೊಳೆದಂಡೆ ಕೊಟ್ಟಿಗೇಲಿ ಮಲಗಿದ್ರು. ಮಲಗಿದ್ದವರಿಗೆ ಏಳು ಅಂತ ಹೇಳೋರು ಯಾರೂ ಇರ್ಲಿಲ್ಲ. ಹೇಳಬೇಕಾದವರು ಇದೇ ಮನೇಲಿದ್ದಾರೆ.’

ನಾನು ಹುಣಸೂರಿಗೆ ಬರುವ ಮೊದಲು ನಡೆದದ್ದು ಇದು. ಮುಂದಿನದನ್ನು ಸಾಹೇಬರೇ ಹೊಳೆಯ ದಂಡೆಯಲ್ಲಿ ನಡೆಯುತ್ತಾ ಹೇಳಿದರು ಎಂದು ನೆನಪು. ಅರ್ಧ ಅವರು ಹೇಳಿ, ಅರ್ಧ ಜೈನಾಬಿ ಹೇಳಿ, ನಾನು ಎರಡನ್ನೂ ಸೇರಿಸಿ ಹೊಲಿದಿರಲೂಬಹುದು.

ಲಕ್ಷ್ಮಣತೀರ್ಥದ ಮೇಲುಭಾಗದಲ್ಲಿ ಒಂದು ಸಣ್ಣ ಅಣೆಕಟ್ಟೆ. ಅಲ್ಲೊಂದು ಚೌಕಿ, ಚೌಕಿಗೊಬ್ಬ ಕಾವಲುಗಾರ, ಅಲ್ಲಿಂದ ಹುಣಸೂರಿನ ಕಚೇರಿಗೆ ಒಂದು ದೂರವಾಣಿ ತಂತಿ. ಹುಣಸೂರಿನ ತಲೆಯ ಮೇಲೆ ಮಳೆ ಬರಬೇಕಾಗಿಲ್ಲ. ಕೊಡಗಿನ ಕಡೆ ಹುಯ್ದರೆ ಸಾಕು, ಇಲ್ಲಿ ಬಿಸಿಲಿರುವಾಗಲೇ ಹೊಳೆ ಬರುತ್ತದೆ. ಕಟ್ಟೆಯ ಮೇಲೆ ನೀರು ಆರಡಿ ನಿಂತರೆ ಭಯವಿಲ್ಲ. ಅದಕ್ಕೂ ಒಂದಡಿ ಏರಿದರೆ ಹೊಳೆದಂಡೆಯ ಕೇರಿಯಲ್ಲಿ ತಮಟೆ ಹೊಡೆಸಿ ಜನರನ್ನು ದಿಬ್ಬಕ್ಕೆ ಹತ್ತಿಸಬೇಕು. ನೀರು ಎಷ್ಟಡಿ ಎಂದು ತಂತಿಯಲ್ಲಿ ತಿಳಿಸುವ ಕಾವಲುಗಾರನ ಹೆಸರು ಜವರಯ್ಯ, ಗಾವಡಗೆರೆಯ ಕಡೆಯವನು.

ನಮ್ಮ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹತ್ತು ಅತ್ತಾಗುತ್ತದೆ, ಹೇಳು ಎಂಬುದು ಏಳು ಆಗುತ್ತದೆ. ಸಾಹೇಬರ ಮನೆಮಾತು ಉರ್ದು. ಹ ನುಂಗಿದರೆ ಅವರ ತಂದೆ ಕಿವಿ ಹಿಂಡುತ್ತಿದ್ದರಂತೆ. ಹಾಗಾಗಿ ಹಳ್ಳಿಯವರು ಬಿಟ್ಟ ಹಕಾರವನ್ನೆಲ್ಲ ತಾವೇ ಹಾಕಿಕೊಂಡು ಕೇಳುವುದು ಅವರಿಗೆ ರೂಢಿಯಾಗಿತ್ತು.

ಆ ಮಧ್ಯಾಹ್ನ ಕಚೇರಿಯಲ್ಲಿ ದೂರವಾಣಿಯ ಗಂಟೆ ಹೊಡೆಯಿತು. ಸಾಹೇಬರೇ ಎತ್ತಿಕೊಂಡರು. ತಂತಿಯಲ್ಲಿ ಗೊರಗೊರ ಸದ್ದು. ಅದರ ನಡುವೆ ಜವರಯ್ಯನ ಒಂದೇ ಮಾತು ಬಂತು: ‘ಏಳು.’

‘ನೀನು ಹೇಳಯ್ಯ, ನಾನೇನು ಹೇಳ್ಲಿ?’

‘ಏಳು... ಏಳು.’

‘ಏಯ್, ಯಾರಿಗಯ್ಯ ಹೇಳು ಅಂತೀಯ? ಹೇಳಿ ಅನ್ನು.’

ಜವರಯ್ಯ ಗಲಿಬಿಲಿಯಾದ. ಸಾಹೇಬರಿಗೆ ಸಿಟ್ಟು ಬಂದಿದೆ ಎಂಬುದಷ್ಟೇ ಅವನಿಗೆ ತಿಳಿದದ್ದು. ಹೇಳಿಕೊಟ್ಟಂತೆಯೇ ಅಂದ: ‘ಏಳಿ ಸ್ವಾಮಿ.’

ಮರ್ಯಾದೆ ಸರಿಹೋಯಿತು. ‘ಹಾ, ಹಾಗೆ. ಈಗ ಸರಿಯಾಗಿ ಕೇಳ್ತಿಲ್ಲ, ಆಮೇಲೆ ಮಾತಾಡು’ ಎಂದು ಸಾಹೇಬರು ಕೆಳಗಿಟ್ಟರು. ಆಮೇಲೆ ಮಾತಾಡಲು ತಂತಿ ಉಳಿಯಲಿಲ್ಲ. ಸಂಜೆಯೊಳಗೆ ಕೇರಿಯ ಕೆಳಸಾಲು ಉಳಿಯಲಿಲ್ಲ. ಸತ್ತವರಲ್ಲಿ ಜೈನಾಬಿಯ ಗಂಡನೂ ಒಬ್ಬ. ಕೊಟ್ಟಿಗೆಯ ತೊಗಲುಗಳು ಮಾತ್ರ ಮಾರನೆಯ ದಿನ ಕೆಳಗಿನ ಊರುಗಳ ಮುಳ್ಳುಪೊದೆಗಳಲ್ಲಿ ಸಿಕ್ಕಿಕೊಂಡು ತೂಗಾಡುತ್ತಿದ್ದುವಂತೆ.

ತಂಗಿಯನ್ನು ಸಾಹೇಬರು ಮನೆಗೆ ಕರೆತಂದರು. ತಪ್ಪನ್ನು ಮೇಲಿನವರಿಗೆ ತಾವೇ ತಿಳಿಸಿದರಂತೆ. ಮೇಲಿನವರು ತಂತಿಯ ದೋಷವೆಂದು ತೀರ್ಮಾನಿಸಿ ಸುಮ್ಮನಾದರು. ಶಿಕ್ಷೆಯಾಗಿದ್ದರೆ ಮನುಷ್ಯ ಹಗುರಾಗುತ್ತಿದ್ದರೇನೋ. ಆಗಲಿಲ್ಲ. ಅಂದಿನಿಂದ ಅವರಿಗೆ ಉಳಿದದ್ದು ಒಂದೇ ಹಂಬಲ: ತಂತಿಯಲ್ಲಿ ಆಡುವ ಅಂಕಿಗಳಿಗೆ ಸಂಘ ಒಂದು ಕಟ್ಟು ಮಾಡಬೇಕು, ಈ ಸೀಮೆಯ ಯಾರ ಬಾಯಲ್ಲಿ ಹೊರಟರೂ ಯಾರ ಕಿವಿಗೂ ಬೇರೆಯಾಗಿ ಕೇಳದ ಒಂದು ಮಾತು ಏಳರ ಜಾಗಕ್ಕೆ ಬರಬೇಕು. ಅದೊಂದು ಆದರೆ ತಂಗಿಯ ಎದುರು ಕೂತು ಊಟ ಮಾಡಬಹುದು ಎಂದುಕೊಂಡಿದ್ದರು. ಅಲ್ಲಿಯವರೆಗೆ ಅವರು ಜಗಲಿಯಲ್ಲಿ ಒಬ್ಬರೇ ಉಣ್ಣುತ್ತಿದ್ದರು. ಇದು ನನ್ನ ಕಲ್ಪನೆಯಲ್ಲ. ನಿತ್ಯ ಗೋಡೆಯ ಈಚೆಯಿಂದ ಕಾಣುತ್ತಿತ್ತು.

ಆ ಮಾತು ಸಿಕ್ಕಿದ್ದು ಕಣದಲ್ಲಿ. ಜವರಯ್ಯ ಚೌಕಿಯಲ್ಲೇ ಮುಂದುವರಿದಿದ್ದ. ಸಾಹೇಬರೂ ಅವನೂ ಆ ದಿನದ ಬಗ್ಗೆ ಪರಸ್ಪರ ಮಾತೆತ್ತುತ್ತಿರಲಿಲ್ಲ. ಸುಗ್ಗಿಯಲ್ಲಿ ಅವನು ತನ್ನ ಊರಿಗೆ ಕರೆದ. ನಾನೂ ಜತೆಗೆ ಹೋದೆ. ರಾಗಿಯ ರಾಶಿ ಅಳೆಯುತ್ತಿದ್ದರು. ಜವರಯ್ಯನ ಅಣ್ಣ ಕೊಳಗ ತುಂಬಿ ಸುರಿಯುತ್ತಾ ಕೂಗಿ ಎಣಿಸುತ್ತಿದ್ದ. ಒಂದು ಎನ್ನುವ ಬದಲು ಲಾಭ ಎಂದ; ಅದು ಎಲ್ಲ ಕಡೆ ಇರುವುದೇ. ಎರಡು, ಮೂರು ಎಂದು ಸಾಗಿ ಆರಕ್ಕೆ ಬಂದವನು ಮುಂದಿನ ಕೊಳಗಕ್ಕೆ ‘ಆರ್ಮೇಲೊಂದು’ ಎಂದು, ಎಂಟಕ್ಕೆ ಹೋದ.

ಸಾಹೇಬರು ನಿಂತಲ್ಲೇ ನಿಂತರು. ‘ಏನಂದ ಅವನು?’

‘ಆರ್ಮೇಲೊಂದು ಅಂತವ’ ಎಂದ ಜವರಯ್ಯ. ‘ರಾಶಿ ಮುಂದೆ ಆ ಇನ್ನೊಂದು ಮಾತು ಆಡಬಾರ್ದು ಸಾಯೇಬ್ರೆ. ಕೂತಿರೋ ಲಕ್ಷ್ಮಿಗೆ ಎದ್ದೋಗು ಅಂದಂಗಾಯ್ತದೆ.’

‘ಅವತ್ತು ತಂತೀಲಿ ಇದನ್ನ ಯಾಕೆ ಹೇಳ್ಲಿಲ್ಲ ನೀನು?’

ಜವರಯ್ಯ ತಲೆಯ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ಕಣದ ಮಾತ್ನ ಸರ್ಕಾರದ ತಂತೀಲಿ ಆಡಕಾಯ್ತದಾ? ನಗಾಡ್ತೀರಿ ಅಂತವ ಇಸ್ಕೂಲ್ನಲ್ಲಿ ಏಳ್ಕೊಟ್ಟಂಗೆ ಸರ್ಯಾಗ್ ಏಳ್ದೆ.’

ಬರುವ ದಾರಿಯಲ್ಲಿ ಗಾಡಿಯಲ್ಲಿ ಸಾಹೇಬರು ಒಂದೇ ಸಮನೆ ಅದನ್ನೇ ಹೇಳಿಕೊಂಡರು: ಆರರ ಮೇಲೊಂದು, ಆರರ ಮೇಲೊಂದು. ಹಕಾರವಿಲ್ಲದ ಮಾತು. ಎಷ್ಟು ತಿರುಚಿದರೂ ಅದೇ ಉಳಿಯುತ್ತದೆ. ಅರ್ಧ ಕೇಳಿದರೂ, ಬರೀ ‘ಮೇಲೊಂದು’ ಎಂದು ಕೇಳಿದರೂ ಅಪಾಯದ ಅಳತೆ ಅದೇ ಎಂದು ಗೊತ್ತಾಗುತ್ತದೆ. ನನಗೂ ತರ್ಕದಲ್ಲಿ ಕೊರತೆ ಕಾಣಲಿಲ್ಲ.

ಬೆಂಗಳೂರಿನ ವಾರ್ಷಿಕ ಸಭೆಗೆ ನನ್ನನ್ನೂ ಕರೆದೊಯ್ದರು; ಅವರ ಪ್ರಬಂಧದ ಇಂಗ್ಲಿಷನ್ನು ತಿದ್ದಿದ್ದು ನಾನು. ಉದ್ದನೆಯ ಮೇಜು, ಬಿಳಿಯ ರುಮಾಲುಗಳು, ಮೂವರೋ ನಾಲ್ವರೋ ಇಂಗ್ಲಿಷ್ ದೊರೆಗಳು. ಯಾರೂ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೆಟ್ಟವರಾಗಿದ್ದರೆ ಈ ಕತೆ ಸುಲಭವಾಗುತ್ತಿತ್ತು. ಅವರು ಗಮನವಿಟ್ಟು ಕೇಳಿದರು. ಲಂಡನ್ನಿನ ಸಂಘದ ಪಟ್ಟಿಯಲ್ಲಿ ಅಂಕಿಗಳಿಗೆ ಇಂಗ್ಲಿಷ್ ಉಚ್ಚಾರಣೆ ಇದೆಯಲ್ಲ, ಅದೇ ಸಾಲದೇ ಎಂದರು ಒಬ್ಬರು. ಕಾವಲುಗಾರರಿಗೆ ಇಂಗ್ಲಿಷ್ ಬಾರದೆಂದು ಇನ್ನೊಬ್ಬರೇ ಉತ್ತರ ಕೊಟ್ಟರು. ಒಂದು ಅಂಕಿಗೆ ಎರಡು ಪದ ಹಿಡಿಸುವುದು ಮಿತವ್ಯಯವಲ್ಲ ಎಂದರು ಮತ್ತೊಬ್ಬರು. ರಾಶಿಪೂಜೆಯ ಮೂಢನಂಬಿಕೆಯನ್ನು ಸಂಘದ ಮುದ್ರೆಯೊತ್ತಿ ಹಂಚಿದರೆ ಹೊರಗಿನವರು ಏನೆಂದಾರು ಎಂಬ ಮಾತೂ ಬಂತು. ಒಂದೇ ಒಂದು ಅವಘಡವನ್ನು ಆಧಾರವಾಗಿಟ್ಟು ನಿಯಮ ಮಾಡಬಹುದೇ ಎಂದೂ ಕೇಳಿದರು.

‘ಇನ್ನೊಂದು ಬರೋವರೆಗೆ ಕಾಯೋಣವೇ?’ ಎಂದರು ಸಾಹೇಬರು. ಅವರು ಸಭೆಯಲ್ಲಿ ಕನ್ನಡ ಆಡಿದ್ದು ಅದೊಂದೇ ಸಲ.

ಕೊನೆಗೆ ಅಧ್ಯಕ್ಷರೇ ದಾರಿ ತೋರಿದರು. ಗೊಂದಲವಿದೆ ಎಂಬುದು ಒಪ್ಪಿಗೆ. ಹಾಗಾದರೆ ಏಳರ ಜಾಗದಲ್ಲಿ ‘ಸಪ್ತ’ ಎಂದಿರಲಿ. ಚಿಕ್ಕದು, ಶುದ್ಧವಾದದ್ದು, ಇಡೀ ದೇಶ ಬಲ್ಲದ್ದು. ಪಕ್ಕದ ಕೋಣೆಗೆ ಒಂದು ದೂರವಾಣಿ ಎಳೆಸಿ ಪರೀಕ್ಷೆಯನ್ನೂ ಮಾಡಿದರು. ಒಬ್ಬ ತರುಣ ಎಂಜಿನಿಯರು ಅಲ್ಲಿಂದ ಅಂದ. ಇಲ್ಲಿ ಎಲ್ಲರಿಗೂ ಸಪ್ತ ಎಂದೇ ಕೇಳಿಸಿತು.

‘ನಮ್ಮ ಜವರಯ್ಯನ್ನ ಕರೆಸಿ ಅನ್ನಿಸಿ ನೋಡೋಣ’ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿಕೊಂಡರು.

‘ಅವರು ಯಾವ ಶಾಖೆಯ ಸದಸ್ಯರು?’ ಎಂದು ಅಧ್ಯಕ್ಷರು ವಿನಯದಿಂದಲೇ ಕೇಳಿದರು.

ಸದಸ್ಯರಲ್ಲದವರ ಬಾಯಿಗೆ ಆ ಕೋಣೆಯಲ್ಲಿ ಎಡೆಯಿರಲಿಲ್ಲ. ಮತಕ್ಕೆ ಹಾಕಿದರು. ಸಪ್ತ ಗೆದ್ದಿತು. ಅಂಕಿಯನ್ನು ಎರಡು ಸಲ ಹೇಳಬೇಕು, ಕೇಳಿದವನು ಅದನ್ನೇ ತಿರುಗಿ ಹೇಳಿ ಕೇಳಬೇಕು, ಹೂಂ ಎಂದ ಮೇಲೆಯೇ ತಮಟೆ ಎಂದೂ ನಿಯಮವಾಯಿತು. ಆ ಭಾಗ ಸಾಹೇಬರು ಬರೆದದ್ದೇ.

ರೈಲಿನಲ್ಲಿ ನಾನು ಕೂಗಾಡಿದೆ. ‘ರಾಜೀನಾಮೆ ಕೊಡಿ. ನಿಮ್ಮ ಚೌಕಿಗಳಲ್ಲಿ ನಿಮ್ಮ ಮಾತೇ ನಡೆಸಿ. ಯಾರು ಕೇಳ್ತಾರೆ?’

ಅವರು ಕಿಟಕಿಯ ಆಚೆ ನೋಡುತ್ತಿದ್ದರು. ‘ಹುಣಸೂರಲ್ಲಿ ನಂದು, ಸಾಲಿಗ್ರಾಮದಲ್ಲಿ ಇನ್ನೊಬ್ಬಂದು, ಕೋಟೇಲಿ ಮತ್ತೊಬ್ಬಂದು. ಆಮೇಲೆ ಮತ್ತೆ ಅದೇ ಗತಿ. ಕೆಟ್ಟ ಅಳತೆ ಆದ್ರೂ ಒಂದೇ ಅಳತೆ ಇರ್ಲಿ ಮಾಸ್ತರೇ. ಯಾರೋ ಒಬ್ಬ ಸೋಲಬೇಕು ಅಂದಿದ್ನಲ್ಲ.’

ಇದನ್ನು ನಾನು ದೊಡ್ಡಗುಣ ಎಂದು ಹೊಗಳಬಲ್ಲೆ, ಗುಲಾಮಗಿರಿ ಎಂದು ತೆಗಳಲೂಬಲ್ಲೆ. ಎರಡನ್ನೂ ಬೇರೆಬೇರೆ ಕಾಲದಲ್ಲಿ ಮಾಡಿದ್ದೇನೆ. ಅವರಂತೂ ತಮ್ಮ ಮಾತನ್ನು ಕೊಂದ ಮಾತನ್ನೇ ಊರೂರಿಗೆ ಕಲಿಸುತ್ತಾ ಹೊರಟರು. ಕಪಿಲೆಯ ಮೇಲಿನ ಚೌಕಿಗಳು, ಕಾವೇರಿಯ ಮೇಲಿನ ಚೌಕಿಗಳು, ಕಾಕನಕೋಟೆಯ ಕಾಡಿನಂಚು, ಎಲ್ಲ ಕಡೆಯೂ ಗಾಡಿಯಲ್ಲೋ ಸೈಕಲ್ಲಿನಲ್ಲೋ ಹೋಗಿ ಕಾವಲುಗಾರರನ್ನು ಸಾಲಾಗಿ ಕೂರಿಸಿ ಹೇಳಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅದು ‘ಸತ್ತ’ ಎಂದೇ ಹೊರಡುತ್ತಿತ್ತು. ‘ಪ ಕಣಯ್ಯ, ತುಟಿ ಮುಚ್ಚು, ಸಪ್’ ಎಂದು ತಮ್ಮ ತುಟಿಯನ್ನು ಬೆರಳಿಂದ ಒತ್ತಿ ತೋರಿಸುತ್ತಿದ್ದರು. ತುಟಿ ಮುಚ್ಚುತ್ತಿತ್ತು, ಮತ್ತೆ ಸತ್ತ ಎಂದೇ ತೆರೆಯುತ್ತಿತ್ತು.

ಜವರಯ್ಯ ಒಂದು ದಿನ ಬೇಸತ್ತು ಅಂದ: ‘ಬುಡಿ ಸಾಯೇಬ್ರೆ. ಅಷ್ಟು ನೀರು ಬರೋ ವೊತ್ನಲ್ಲಿ ಸತ್ತ ಅನ್ನೋದೇ ಸರ್ಯಾಗದೆ.’

ಸಾಹೇಬರು ನಕ್ಕರು. ನಾನು ಕಂಡಂತೆ ಅವರು ಹಲ್ಲು ಕಾಣುವಂತೆ ನಕ್ಕದ್ದು ಅದೊಂದೇ ಬಾರಿ. ಮನೆಯಲ್ಲಿ ಊಟ ಮಾತ್ರ ಜಗಲಿಯಲ್ಲೇ ನಡೆದಿತ್ತು.

ಕೊನೆಯ ಸಲ ಅವರನ್ನು ಕಂಡದ್ದು ಆಷಾಢದ ಒಂದು ಬೆಳಿಗ್ಗೆ. ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ಐದಡಿಗೆ ಬಂದಿತ್ತು. ಹುಣಸೂರಿನಲ್ಲಿ ಬಿಸಿಲು. ಕಟ್ಟೆಯ ಕಡೆಗೆ ಗಾಡಿ ಹೂಡಿಸುತ್ತಿದ್ದರು. ನಾನು ಗೋಡೆಯ ಮೇಲಿಂದ ‘ಸಪ್ತಸಾಗರ ದಾಟಿ ಬನ್ನಿ’ ಎಂದೆ. ‘ಸಾಗರ ಬೇಡ, ಜವರಯ್ಯನ ಬಾಯಿಂದ ಒಂದು ಪಕಾರ ಹೊರಡಿಸಿ ಬರ್ತೀನಿ’ ಎಂದರು. ಟೋಪಿ ಕೆಂಪಗೇ ಇತ್ತು ಎಂದು ನನಗೆ ಕಾಣುತ್ತದೆ.

ಮಧ್ಯಾಹ್ನ ನಾನು ತರಗತಿಯಲ್ಲಿರುವಾಗ ತಮಟೆಯ ಸದ್ದಾಯಿತು. ಹೊರಗೆ ಬಂದರೆ ಕೇರಿಗೆ ಕೇರಿಯೇ ದಿಬ್ಬ ಹತ್ತುತ್ತಿತ್ತು. ನೂಕಾಟವಿಲ್ಲ, ಅಳುವಿಲ್ಲ. ಸಾಮಾನು ಹೊರಬಾರದು, ಮುದುಕರನ್ನು ಹೊರಬೇಕು ಎಂದು ಸಾಹೇಬರು ವರ್ಷವರ್ಷವೂ ಹೇಳಿಕೊಟ್ಟಂತೆಯೇ ಎಲ್ಲರೂ ಬರಿಗೈಯಲ್ಲಿ ಬಂದರು. ಕೆಳಸಾಲಿನ ಕೊಟ್ಟಿಗೆಗಳಲ್ಲಿ ಮಲಗಿದ್ದವರನ್ನೆಲ್ಲ ಎಬ್ಬಿಸಲಾಗಿತ್ತು. ಬಿಳಿಯ ಬಟ್ಟೆ ಹೊದ್ದ ಹೆಂಗಸರ ಗುಂಪು ಒಂದು ಕಡೆ ಕೂತಿತು. ಬಿಸಿಲಿನಲ್ಲಿ ಎಲ್ಲರೂ ಹೊಳೆಯನ್ನು ನೋಡುತ್ತಾ ಕೂತೆವು.

ಹೊಳೆ ಬರಲಿಲ್ಲ. ಐದಡಿಯ ನೀರು ಐದಡಿಯಾಗಿಯೇ ಹರಿಯಿತು. ಸಂಜೆಯ ಹೊತ್ತಿಗೆ ಬಂದದ್ದು ಗಾಡಿ. ಅದರಲ್ಲಿ ಹುಲ್ಲಿನ ಮೇಲೆ ಸಾಹೇಬರನ್ನು ಮಲಗಿಸಿದ್ದರು. ಪಕ್ಕದಲ್ಲಿ ಜವರಯ್ಯ.

ನಡೆದದ್ದನ್ನು ಅವನು ಆಮೇಲೆ ನನಗೆ ಹೇಳಿದ. ಕಟ್ಟೆಯ ಮೆಟ್ಟಿಲ ಮೇಲೆ ಕೂತು ಸಾಹೇಬರು ಅವನಿಂದ ಅಂಕಿ ಹೇಳಿಸುತ್ತಿದ್ದರಂತೆ. ಹೇಳಿಸುತ್ತಾ ಹೇಳಿಸುತ್ತಾ ಎದೆ ಹಿಡಿದುಕೊಂಡು ಒರಗಿದರು. ಅವನು ಓಡಿಹೋಗಿ ತಂತಿಯ ಹಿಡಿ ತಿರುಗಿಸಿದ. ‘ಸಾಯೇಬ್ರು ಸತ್ತೋದ್ರು ಅಂದೆ. ಎರಡು ಸಲ ಅಂದೆ. ಸಾಯೇಬ್ರು ಅಂದದ್ದು ಕಚೇರಿಯೋರಿಗೆ ಕೇಳ್ಲೇ ಇಲ್ವಂತೆ, ಸತ್ತ ಅನ್ನೋದಷ್ಟೇ ಕೇಳ್ತಂತೆ. ಗುಮಾಸ್ತ ತಿರುಗಿ, ಸತ್ತನಾ, ಅಂತ ಕೇಳ್ದ. ನಮ್ಮ ಸಾಯೇಬ್ರನ್ನ ಸತ್ತನಾ ಅಂತಾನಲ್ಲ, ಮರ್ವಾದಿ ಬೇಡ್ವಾ ಅಂತ ಬಲು ಬೇಜಾರಾಯ್ತು ಕಣ್ರೀ. ಆದ್ರೂ ಊ ಅಂದೆ.’

ಗುಮಾಸ್ತ ಕೇಳಿದ್ದು ‘ಸಪ್ತಾನಾ?’ ಎಂದು. ಎರಡು ಸಲ ಹೇಳಿದ್ದಾಯಿತು, ತಿರುಗಿ ಕೇಳಿದ್ದಾಯಿತು, ಹೂಂ ಎಂದದ್ದೂ ಆಯಿತು. ಸಂಘದ ನಿಯಮ ಅಕ್ಷರಶಃ ಪಾಲನೆಯಾಗಿ ತಮಟೆ ಹೊಡೆಯಿತು.

ಇದು ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತದೆಂಬುದೇ ನನ್ನ ಅನುಮಾನಕ್ಕೆ ಕಾರಣ. ಬದುಕು ಹೀಗೆ ಹೊಂದುವುದಿಲ್ಲ, ಹೇಳುವವರು ಹೊಂದಿಸುತ್ತಾರೆ. ಜವರಯ್ಯ ಹೊಂದಿಸಿದನೋ, ಗುಮಾಸ್ತ ಹೊಂದಿಸಿದನೋ, ಇಷ್ಟು ವರ್ಷ ಇದನ್ನು ಹೊತ್ತು ತಿರುಗಿದ ನಾನೋ ತಿಳಿಯದು. ಕೇರಿ ಖಾಲಿಯಾದದ್ದು ನಿಜ, ಗಾಡಿ ಬಂದದ್ದು ನಿಜ. ಅವೆರಡರ ನಡುವಿನ ಮಾತಿಗೆ ನಾನು ಹೊಣೆಯಾಗಲಾರೆ.

ಆದರೆ ಒಂದಕ್ಕೆ ಹೊಣೆಯಾಗುತ್ತೇನೆ. ಗಾಡಿ ದಿಬ್ಬದ ಬುಡದಲ್ಲಿ ನಿಂತಿತು. ಸುದ್ದಿ ಕೆಳಗಿನಿಂದ ಮೇಲಕ್ಕೆ ಹಬ್ಬಿತು. ಯಾರೂ ಕದಲಲಿಲ್ಲ. ನೀರಿಗಾಗಿ ಕೂತಿದ್ದವರಿಗೆ, ಇದಕ್ಕಾಗಿ ಕೂರಿಸಲಾಗಿತ್ತೆಂದು ತಿಳಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಇಳಿದು ಹೋಗಿ ಎನ್ನಲು ತಮಟೆಯವನಿಗೂ ಕೈ ಬರಲಿಲ್ಲ. ಕತ್ತಲಾಗುತ್ತಾ ಬಂತು. ಆಗ ಹೆಂಗಸರ ಗುಂಪಿನಿಂದ ಒಬ್ಬರು ನಿಂತರು. ಮುಖ ಮುಚ್ಚಿತ್ತು. ಪರದೆಯ ಹಿಂದಿನಿಂದ ನಾನು ಬಲ್ಲ ದನಿ, ಏರಿಸದೆ, ಎಲ್ಲರಿಗೂ ಕೇಳುವಂತೆ ಒಂದೇ ಮಾತು ಹೇಳಿತು.

‘ಏಳಿ.’

ಜನ ಎದ್ದರು. ಆ ಮನೆಯವರು ಹಕಾರ ನುಂಗುವವರಲ್ಲ. ಅದನ್ನು ನಾನು ತಪ್ಪಾಗಿ ಕೇಳಿಲ್ಲ.